ಕುದುರೆಯಿಲ್ಲದ ಊರಿಗೆ ಹದಿನಾಲ್ಕು ಚೀಲ ಬೂಸಾ

ಮೇ ೩, ೧೯೩೨, ಮಂಗಳವಾರ. ನ್ಯೂಫೌಂಡ್‌ಲ್ಯಾಂಡಿನ ಉತ್ತರ ತೀರದ ಪೋರ್ಟ್ ಕಲ್ವರ್ ಪೊಲೀಸ್ ಠಾಣೆಗೆ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಇಬ್ಬರು ಬಂದರು. ಒಬ್ಬ ಬಂದರಿನ ಆಮದು ಗೋದಾಮಿನ ಮೇನೇಜರ್ ಹೆಡ್ಲಿ ಫ್ರೌಡ್. ಇನ್ನೊಬ್ಬ ಒಳನಾಡಿನ ಮರಕಡಿಯುವ ಕ್ಯಾಂಪಿನಲ್ಲಿ ಕುದುರೆಗಳನ್ನು ನೋಡಿಕೊಳ್ಳುವ ಮೇಸ್ತ್ರಿ. ಮೇಸ್ತ್ರಿ ತನ್ನ ಹೆಗಲ ಮೇಲಿದ್ದ ಗೋಣಿಚೀಲವನ್ನು ಇನ್‌ಸ್ಪೆಕ್ಟರ್ ಅಂಬ್ರೋಸ್ ಸ್ನೆಲ್‌ಗ್ರೋವ್‌ನ ಮೇಜಿನ ಮೇಲೆ ಬೋರಲು ಹಾಕಿದ. ಹೊರಗೆ ಸುರಿದದ್ದು ಮರದ ಪುಡಿ.

"ಇದನ್ನ ಬೂಸಾ ಅಂತ ನನ್ನ ಕುದುರೆಗಳಿಗೆ ಕಳಿಸಿದಾರೆ," ಎಂದ ಮೇಸ್ತ್ರಿ. "ಕುದುರೆ ಮೂಸಿ ನನ್ನ ಮುಖ ನೋಡ್ತು ಸಾಹೇಬ್ರೇ. ಇಪ್ಪತ್ತು ವರ್ಷದಲ್ಲಿ ಯಾವ ಕುದುರೆನೂ ನನ್ನ ಹಾಗೆ ನೋಡಿರಲಿಲ್ಲ."

"ಎಷ್ಟು ಚೀಲ?"

"ಕ್ಯಾಂಪಿಗೆ ಬಂದದ್ದು ಇದೊಂದೇ. ಗೋದಾಮಲ್ಲಿ ಇನ್ನೆಷ್ಟಿದೆಯೋ ಇವರನ್ನ ಕೇಳಿ."

ಫ್ರೌಡ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಸಮುದ್ರ ಹೆಪ್ಪುಗಟ್ಟುವ ಮುಂಚೆ ನವೆಂಬರಿನಲ್ಲಿ ಬಂದ ಕೊನೆಯ ಹಡಗಿನ ಬೂಸಾ ಅದು. ಮುಂದಿನ ಹಡಗು ಬರುವುದು ಮೇ ಕೊನೆಗೆ. ಅಲ್ಲಿಯವರೆಗೆ ಈ ತೀರದ ದನ, ಕುದುರೆಗಳಿಗೆ ಇರುವುದು ಅದೊಂದೇ ದಾಸ್ತಾನು.

ಹತ್ತೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಹನ್ನೊಂದೂಕಾಲಿಗೆ ಗೋದಾಮಿನಲ್ಲಿ ಇಬ್ಬರು ಪಂಚರ ಮುಂದೆ ಪಂಚನಾಮೆ ಶುರುವಾಯಿತು. ಹಿಂಬದಿಯ ಗೋಡೆಗೆ ಒತ್ತಿ ಒಟ್ಟಿದ್ದ ಸಾಲಿನಲ್ಲಿ ಇನ್ನೂ ಹದಿಮೂರು ಚೀಲಗಳಲ್ಲಿ ಮರದ ಪುಡಿ ಸಿಕ್ಕಿತು. ಕ್ಯಾಂಪಿಗೆ ಹೋದದ್ದೂ ಸೇರಿ ಒಟ್ಟು ಹದಿನಾಲ್ಕು. ಒಂದೊಂದು ನೂರು ಪೌಂಡಿನ ಚೀಲ. ಚೀಲಗಳು ಆಲೂಗಡ್ಡೆಯವು, ಹಳೆಯವು. ಪುಡಿಯ ಮೂಲ ಹುಡುಕಲು ದೂರ ಹೋಗಬೇಕಿರಲಿಲ್ಲ. ಮೀನು ಹಿಡಿಯುವವರ ಮಂಜುಗಡ್ಡೆ ಕರಗದಿರಲೆಂದು ಮುಚ್ಚುವ ಮರದ ಪುಡಿಯ ರಾಶಿ ಗೋದಾಮಿನ ಪಕ್ಕದ ಬಾಗಿಲಲ್ಲೇ ಇತ್ತು.

ಕಾನ್‌ಸ್ಟೇಬಲ್ ಲಿಯೋ ವೋಕಿ ಪ್ರತಿ ಚೀಲಕ್ಕೂ ಮೊಣಕೈವರೆಗೆ ಕೈ ಇಳಿಸಿ ನೋಡಿದ. ಗೋಡೆಯ ಕಡೆಯದು ಒಣಗಿ ಹಗುರಾಗಿತ್ತು. ಈಚೆಗೆ ಬಂದಂತೆ ಪುಡಿ ತಣ್ಣಗೆ, ಒದ್ದೆಯಾಗಿ ಬೆರಳಿಗೆ ಅಂಟುತ್ತಿತ್ತು.

"ಒಂದೇ ಸಲ ಆದದ್ದಲ್ಲ ಸಾರ್," ಎಂದ ವೋಕಿ. "ಒಂದೊಂದೇ ಇಟ್ಟಿದಾರೆ. ಯಾರೋ ತುಂಬ ತಾಳ್ಮೆಯವರು."

ಗೋದಾಮಿನ ಬೀಗದ ಕೈ ಇದ್ದದ್ದು ಕಾವಲುಗಾರ ಎಲೈ ಪೆಲ್ಲಿಯ ಹತ್ತಿರ ಮಾತ್ರ. ಮಧ್ಯಾಹ್ನ ಎರಡಕ್ಕೆ ಅವನನ್ನು ಠಾಣೆಗೆ ಕರೆತಂದರು. ಸ್ನೆಲ್‌ಗ್ರೋವ್ ಪ್ರಶ್ನೆ ಹಾಕಿದ.

"ಬಾಗಿಲು ತೆಗೆಯೋದು ಯಾರು?"

"ನಾನು."

"ಮುಚ್ಚೋದು?"

"ನಾನೇ ಸಾರ್."

"ಒಳಗೆ ಯಾರು ಯಾರು ಬರ್ತಾರೆ?"

"ಕೂಲಿಯವರು. ಫ್ರೌಡ್ ಸಾಹೇಬರು. ಶುಕ್ರವಾರ ಹೆಂಗಸರು."

"ಯಾವ ಹೆಂಗಸರು?"

"ಹರಿದ ಗೋಣಿ ಆರಿಸ್ಕೊಳ್ಳೋಕೆ ಬರ್ತಾರಲ್ಲ, ನೆಲದ ಹಾಸು ಹೆಣೆಯೋಕೆ. ನಮ್ಮಪ್ಪನ ಕಾಲದಿಂದ ಬರ್ತಾರೆ. ಅವರನ್ನೂ ಬರ್ಕೋಬೇಕಾ?"

ವೋಕಿ ಬರೆದುಕೊಂಡ. ಆ ದಿನ ಯಾರೂ ಅದರ ಮೇಲೆ ಯೋಚಿಸಲಿಲ್ಲ.

"ಹದಿನಾಲ್ಕು ಚೀಲ ನಿನ್ನ ಕಣ್ಣ ಮುಂದೆ ಹೋಗಿದೆ ಎಲೈ. ನೀನು ನೋಡಲಿಲ್ಲ."

"ನೋಡಿದ್ರೆ ಹೇಳ್ತಿದ್ದೆ ಸಾರ್. ಸೋಮವಾರ ಮ್ಯಾಜಿಸ್ಟ್ರೇಟರ ಮುಂದೆ ಇದನ್ನೇ ಹೇಳ್ತೀನಿ. ಅವರು ನಂಬ್ತಾರಾ?"

ನಂಬುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಎಲೈಗೆ ಆರು ತಿಂಗಳು ಸಜೆಯಾಗುತ್ತದೆ, ಕಾವಲಿನ ಕೆಲಸ ಹೋಗುತ್ತದೆ, ಕೆಲಸದ ಜೊತೆಗೆ ಕೊಟ್ಟ ಮನೆಯೂ ಹೋಗುತ್ತದೆ. ಅವನ ಹೆಂಡತಿ ತುಂಬು ಗರ್ಭಿಣಿ, ಮನೆಯಲ್ಲಿ ಮೂವರು ಮಕ್ಕಳು. ಅವನನ್ನು ಲಾಕಪ್ಪಿಗೆ ಹಾಕಿದರು. ಸೋಮವಾರದ ವಿಚಾರಣೆಗೆ ಆರು ದಿನವಿತ್ತು.

ಬುಧವಾರ ಇಡೀ ದಿನ ಶೋಧ. ಬೂಸಾ ಹೋಗಿದೆ ಎಂದರೆ ಅದನ್ನು ತಿನ್ನುವ ಬಾಯಿ ಎಲ್ಲೋ ಇರಬೇಕು ಎಂದು ಸ್ನೆಲ್‌ಗ್ರೋವ್ ಲೆಕ್ಕ ಹಾಕಿದ್ದ. ಬಂದರಿನ ಮೂವತ್ತೊಂದು ಕುದುರೆ, ಹತ್ತೊಂಬತ್ತು ಹಸುಗಳ ಕೊಟ್ಟಿಗೆಗಳನ್ನು ಇಬ್ಬರು ಕಾನ್‌ಸ್ಟೇಬಲ್‌ಗಳು ತಡಕಿದರು. ಮೇವಿನ ತೊಟ್ಟಿಯ ತಳ ಕೆರೆದು ನೋಡಿದರು. ಎಲ್ಲ ಪ್ರಾಣಿಗಳೂ ಒಂದೇ ಸಮ ಬಡಕಲಾಗಿದ್ದವು.

"ಕಳ್ಳಬೂಸಾ ತಿಂದ ಒಂದು ಕುದುರೆನೂ ಈ ಊರಲ್ಲಿಲ್ಲ," ಎಂದು ಸಂಜೆ ವೋಕಿ ವರದಿ ಕೊಟ್ಟ. "ತಿಂದಿದ್ರೆ ಮೈಮೇಲೆ ಕಾಣ್ತಿತ್ತು. ಮನುಷ್ಯರೇ ಬೇಲಿ ಹಿಡ್ಕೊಂಡು ನಡೀತಿದಾರೆ, ಕುದುರೆ ಕತೆ ಏನು ಹೇಳೋದು."

ಅದು ಉತ್ಪ್ರೇಕ್ಷೆಯಲ್ಲ. ಚಳಿಗಾಲದುದ್ದಕ್ಕೂ ಬಿಳಿ ಮೈದಾ ಬ್ರೆಡ್, ಕಾಕಂಬಿ, ಚಹಾ ಇಷ್ಟರಲ್ಲೇ ಬದುಕಿದ ಜನಕ್ಕೆ ಪ್ರತಿ ವಸಂತದಲ್ಲೂ ಕಾಲು ಊದಿಕೊಳ್ಳುತ್ತಿತ್ತು. ಮೊದಲು ಪಾದ ಜೋಮು, ಆಮೇಲೆ ಮೊಣಕಾಲು ಭಾರ, ಆಮೇಲೆ ಎದೆ. ಬೆರಿಬೆರಿ ಎಂದು ವೈದ್ಯರು ಹೆಸರಿಟ್ಟಿದ್ದರು. ಕಂದು ಹಿಟ್ಟು ತಿನ್ನಿ ಎಂದೂ ಹೇಳಿದ್ದರು. ಆದರೆ ಕಂದು ಹಿಟ್ಟು ಎಂದರೆ ಗತಿಯಿಲ್ಲದವರ ಹಿಟ್ಟು. ಅದನ್ನು ಮನೆಯೊಳಗೆ ತರುವುದಕ್ಕಿಂತ ಬೇಲಿ ಹಿಡಿದು ನಡೆಯುವುದೇ ಮರ್ಯಾದೆ ಎಂದು ಈ ತೀರದವರು ತಿಳಿದಿದ್ದರು. ವೋಕಿಯ ತಾಯಿ ಪಕ್ಕದ ಕೊಲ್ಲಿಯಲ್ಲಿದ್ದಳು. ಈಸ್ಟರ್ ಹಬ್ಬದಿಂದ ಆಕೆ ಮಂಚ ಬಿಟ್ಟು ಇಳಿದಿರಲಿಲ್ಲ.

ಮೇ ೫, ಗುರುವಾರ, ಬೆಳಿಗ್ಗೆ ಹತ್ತು. ಬೂಸಾ ಯಾರ್ಯಾರು ಕೊಳ್ಳುತ್ತಾರೆ ಎಂದು ತಿಳಿಯಲು ಸ್ನೆಲ್‌ಗ್ರೋವ್ ಕಸ್ಟಮ್ಸ್ ಕಚೇರಿಗೆ ಹೋದ. ಅಲ್ಲಿಯ ಗುಮಾಸ್ತೆ ವಿನಿಫ್ರೆಡ್ ಹೈನ್ಸ್ ಕನ್ನಡಕದ ಮೇಲಿಂದ ನೋಡಿದಳು.

"ಬೂಸಾದ ಲೆಕ್ಕನಾ? ಎಷ್ಟು ವರ್ಷದ್ದು ಬೇಕು?"

"ಎಷ್ಟು ವರ್ಷದ್ದಿದೆ?"

"ಮೂವತ್ತೆಂಟು. ಆ ಕುರ್ಚಿ ಸ್ವಲ್ಪ ಹಿಂದಕ್ಕೆ ಸರಿಸಿ."

ಆಕೆ ಕಪಾಟಿನ ಮೇಲಿಂದ ಒಂದು ಸುರುಳಿ ಇಳಿಸಿದಳು. ಹಾಳೆಗೆ ಹಾಳೆ ಅಂಟಿಸಿ ಮಾಡಿದ ಸುರುಳಿ. ಮೇಜಿನ ಮೇಲೆ ಬಿಚ್ಚಿದಳು, ಮೇಜು ಮುಗಿಯಿತು. ನೆಲಕ್ಕೆ ಇಳಿಸಿದಳು, ಎದುರು ಗೋಡೆ ಮುಟ್ಟುವ ತನಕ ಬಿಚ್ಚುತ್ತಾ ಹೋದಳು. ಎಡಗಡೆ ಇಸವಿಗಳು. ಮೇಲ್ಗಡೆ ಈ ತೀರದ ಒಂದೊಂದು ಹಳ್ಳಿಯ ಹೆಸರು. ಕೊನೆಯ ಅಂಕಣದಲ್ಲಿ ಇಡೀ ದೇಶದ ಮೊತ್ತ. ಅಕ್ಷರ ಸಾಸಿವೆಯಷ್ಟು ಸಣ್ಣ, ಒಂದೂ ಚಿತ್ತಿಲ್ಲ.

"ಇದನ್ನ ಮಾಡು ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಕೇಳಿದ್ದೂ ನೀವೇ ಮೊದಲು." ಆಕೆ ಚಪ್ಪಲಿ ಬಿಟ್ಟು, ಕಾಗದದ ಪಕ್ಕ ಮೊಣಕಾಲೂರಿ ಕೂತಳು. "ಇಲ್ಲಿ ನೋಡಿ. ಇದು ರೈಲು ಹಾಕ್ತಿದ್ದ ಕಾಲ. ಕುದುರೆ ಬಂತು, ಅದರ ಹಿಂದೆ ಬೂಸಾ ಬಂತು. ಇದು ಯುದ್ಧ. ಹಡಗೆಲ್ಲ ಬೇರೆ ಕೆಲಸಕ್ಕೆ ಹೋದವು, ಹೇಗೆ ಇಳಿದಿದೆ ನೋಡಿ. ಇಲ್ಲಿ ಹುಡುಗರು ವಾಪಸ್ ಬಂದ್ರು. ಬಂದವರು ಹಸು ಕೊಂಡ್ರು. ಈ ಊರಲ್ಲಿ ಯಾರೂ ಕೊಳ್ಳಲಿಲ್ಲ. ಆ ಊರಿಗೆ ಯಾರೂ ವಾಪಸ್ ಬರ್ಲಿಲ್ಲ."

ಸ್ನೆಲ್‌ಗ್ರೋವ್ ಈ ತೀರದಲ್ಲೇ ಹುಟ್ಟಿದವನು. ಬಂಡೆ ಮತ್ತು ಜೌಗು ಬಿಟ್ಟರೆ ಇಲ್ಲಿ ಗೋಧಿಗೆ ನೆಲವಿಲ್ಲ. ಯಾವುದೋ ದೂರದ ಬಯಲಲ್ಲಿ ಬೆಳೆದ ಗೋಧಿ ಇನ್ಯಾವುದೋ ಊರಿನ ಗಿರಣಿಯಲ್ಲಿ ಸುಲಿದು, ಆ ಸಿಪ್ಪೆ ಚೀಲ ತುಂಬಿ ಸಮುದ್ರ ದಾಟಿ ಬರುತ್ತಿತ್ತು. ಅವನು ಅದನ್ನು ಯಾವತ್ತೂ ತೂಕ ಎಂದಷ್ಟೇ ನೋಡಿದ್ದ. ಈಗ ಅಂಕಿಗಳು ಏರುತ್ತಾ ಇಳಿಯುತ್ತಾ ಹೋಗುವುದನ್ನು ನೋಡಿದರೆ ಮಲಗಿದ ದೊಡ್ಡ ಪ್ರಾಣಿಯೊಂದರ ಪಕ್ಕೆಯ ಉಸಿರು ಕಂಡಂತಾಯಿತು. ಗೊತ್ತಿಲ್ಲದೆ ಅವನೂ ಟೋಪಿ ತೆಗೆದು ನೆಲಕ್ಕೆ ಕೂತ.

ಹಾಗೆ ಕೂತಾಗ ಆ ಅಂಕಣ ಕಣ್ಣಿಗೆ ಬಿತ್ತು. ಹ್ಯಾಗ್ಡನ್ ಕೋವ್. ೧೯೨೧ರವರೆಗೆ ಖಾಲಿ. ಆ ವರ್ಷ ಎರಡು ಚೀಲ. ಆಮೇಲೆ ಮೂರು, ಐದು, ಎಂಟು, ಹತ್ತು, ಹನ್ನೆರಡು. ಆಮೇಲೆ ನಾಲ್ಕು ವರ್ಷ ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು. ಹೋದ ಶರತ್ಕಾಲದ ಜಾಗದಲ್ಲಿ ಒಂದು ಅಡ್ಡಗೆರೆ.

"ಇಲ್ಲಿ ಎಷ್ಟು ಕುದುರೆ?"

"ಒಂದೂ ಇಲ್ಲ. ಬಂಡೆ ಮೇಲೆ ಬಂಡೆ ಇರೋ ಊರು. ಕುದುರೆ ತಿರುಗಿ ನಿಲ್ಲೋಕೆ ಜಾಗ ಇಲ್ಲ."

"ಹಸು?"

"ಇಲ್ಲ. ಒಂದು ಆಡಿದೆ ಅಂತ ಕೇಳಿದೀನಿ."

"ಏನು ಅಂತ ಯಾರನ್ನೂ ಕೇಳ್ಲಿಲ್ವಾ ನೀವು?"

"ನನ್ನ ಕೆಲಸ ಬರೆಯೋದು ಸಾರ್." ಆಕೆ ಆ ಅಂಕಣದ ಅಂಚನ್ನು ಹೆಬ್ಬೆರಳಿನಿಂದ ನೇವರಿಸಿದಳು. "ಆದ್ರೆ ಪ್ರತಿ ವರ್ಷ ಆ ಅಂಕಿ ಬರೆಯೋವಾಗ ಪೆನ್ನು ಒಂದು ಗಳಿಗೆ ನಿಲ್ತಿತ್ತು."

ಹನ್ನೊಂದೂವರೆಗೆ ಫ್ರೌಡ್‌ನನ್ನು ಕರೆಸಿದರು.

"ಹ್ಯಾಗ್ಡನ್ ಕೋವ್‌ಗೆ ಈ ವರ್ಷದ ಬೂಸಾ ಯಾಕೆ ಹೋಗಿಲ್ಲ?"

"ಹಡಗಿನಲ್ಲಿ ಬಂದದ್ದೇ ಅರ್ಧ. ಪ್ರಾಣಿ ಇದ್ದೋರಿಗೆ ಮಾತ್ರ ಅಂತ ಪಟ್ಟಿ ಮಾಡಿದೆ. ಆ ಊರಿನ ಮುದುಕಿ ಕೆಜಾಯತ್ತೆ ಬಂದಿದ್ಲು, ಹದಿನಾಲ್ಕು ಚೀಲ ಬೇಕು ಅಂತ. ಯಾವಾಗ್ಲೂ ಹಾಸು, ಬೆರಿಹಣ್ಣು ತಂದ್ಕೊಟ್ಟು ಒಯ್ತಿದ್ಲು. ಯಾರಿಗೆ ಬೇಕು ಅಂದೆ. ಆಡಿಗೆ ಅಂದ್ಲು. ಅದೇನು ಆಡೋ ಆನೆಯೋ ಅಂದೆ. ಅಲ್ಲಿದ್ದೋರೆಲ್ಲ ನಕ್ಕರು."

"ಆಕೆ?"

"ನೋಡಲಿಲ್ಲ ನಾನು."

"ಈ ವರ್ಷದ ಬೂಸಾ ಚೀಲಕ್ಕೆ ಗುರುತೇನಾದ್ರೂ ಇದೆಯಾ?"

"ಗಿರಣಿಯವರ ಮೊಹರು, ಬಳೆ ಹಾಗೆ ದುಂಡಗೆ. ಈ ವರ್ಷ ನೀಲಿ ಬಳೆ. ಹೋದ ವರ್ಷದವರೆಗೆ ಕೆಂಪು ಇತ್ತು."

"ನೀಲಿ ಬಳೆಯ ಖಾಲಿ ಚೀಲ ಹೆಂಗಸರಿಗೆ ಕೊಟ್ಟಿದೀರಾ?"

"ಒಂದೂ ಇಲ್ಲ. ತುಂಬಿದ್ದು ತುಂಬಿದ ಹಾಗೇ ಕ್ಯಾಂಪಿಗೆ, ಕೊಟ್ಟಿಗೆಗೆ ಹೋಗಿದೆ. ಖಾಲಿ ವಾಪಸ್ ಬಂದಿಲ್ಲ."

ಎಲೈ ಪೆಲ್ಲಿ ಹೇಳಿದ್ದ ಶುಕ್ರವಾರದ ಹೆಂಗಸರ ಮಾತನ್ನು ವೋಕಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಹುಡುಕಿ, ಕೆಳಗೆ ಗೆರೆ ಎಳೆದ.

ಮೇ ೬, ಶುಕ್ರವಾರ. ಬೆಳಿಗ್ಗೆ ಎಂಟಕ್ಕೆ ಸ್ನೆಲ್‌ಗ್ರೋವ್ ಮತ್ತು ವೋಕಿ ಮೋಟಾರು ದೋಣಿಯಲ್ಲಿ ಹೊರಟರು. ದಾರಿ ಆರು ಮೈಲಿ. ತೇಲುವ ಮಂಜುಗಡ್ಡೆಗಳ ನಡುವೆ ಹುಟ್ಟಿನಿಂದ ನೂಕಿ ನೂಕಿ ಜಾಗ ಮಾಡಿಕೊಳ್ಳಬೇಕಿತ್ತು. ಡಿಸೆಂಬರ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಇದೇ ನೀರು ಗಟ್ಟಿ ನೆಲವಾಗಿ, ಜಾರುಬಂಡಿ ಎಳೆಯುವ ದಾರಿಯಾಗಿರುತ್ತದೆ. ಅದು ಒಡೆದ ಮೇಲೆ ಮೂರು ವಾರ ಹ್ಯಾಗ್ಡನ್ ಕೋವ್‌ಗೆ ಯಾರೂ ಹೋಗಿರಲಿಲ್ಲ, ಅಲ್ಲಿಂದ ಯಾರೂ ಬಂದಿರಲಿಲ್ಲ.

ಹತ್ತು ಹತ್ತಕ್ಕೆ ದೋಣಿ ಕೊಲ್ಲಿಯ ಒಳಗೆ ತಿರುಗಿತು. ಇಪ್ಪತ್ಮೂರು ಮನೆಗಳು ಬಂಡೆಗೆ ಕಚ್ಚಿಕೊಂಡಂತಿದ್ದವು. ಇಂಜಿನ್ ಸದ್ದಿಗೆ ಮಕ್ಕಳು ಮೇಲಿಂದ ಓಡಿ ಬಂದರು.

ವೋಕಿ ಇಂಜಿನ್ ನಿಲ್ಲಿಸಿದ. ದೋಣಿ ದಡಕ್ಕೆ ಇನ್ನೂ ಇಪ್ಪತ್ತು ಗಜ ದೂರವಿತ್ತು.

"ಯಾಕೋ?"

"ಓಡ್ತಿದಾರೆ ಸಾರ್."

ಸ್ನೆಲ್‌ಗ್ರೋವ್ ನೋಡಿದ. ಹದಿನೈದಿಪ್ಪತ್ತು ಮಕ್ಕಳು ಬಂಡೆಯಿಂದ ಬಂಡೆಗೆ ಹಾರುತ್ತಾ, ಒಬ್ಬರನ್ನೊಬ್ಬರು ತಳ್ಳುತ್ತಾ ಓಡುತ್ತಿದ್ದರು. ಅವರ ಹಿಂದೆ ಮೀನು ಒಣಗಿಸುವ ಅಟ್ಟದ ಏಣಿಯನ್ನು ಎಪ್ಪತ್ತು ದಾಟಿದ ಮುದುಕನೊಬ್ಬ ಹೆಗಲ ಮೇಲೆ ಮರದ ತುಂಡು ಹೊತ್ತು ಹತ್ತುತ್ತಿದ್ದ. ಒಂದು ಮೆಟ್ಟಿಲಲ್ಲೂ ನಿಲ್ಲಲಿಲ್ಲ. ಮನೆಗಳ ಮುಂದೆ ಹಿಡಿದು ನಡೆಯಲು ಬೇಲಿಗೆ ಕಟ್ಟಿದ ಹಗ್ಗ ಒಂದೂ ಇರಲಿಲ್ಲ. ಹದಿನೆಂಟು ವರ್ಷದ ನೌಕರಿಯಲ್ಲಿ ಸ್ನೆಲ್‌ಗ್ರೋವ್ ಈ ತೀರದ ನಲವತ್ತು ಊರು ಕಂಡಿದ್ದ. ಮೇ ತಿಂಗಳಲ್ಲಿ ಹೀಗೆ ಕಾಲೂರಿ ನಡೆಯುವ ಊರನ್ನು ಕಂಡಿರಲಿಲ್ಲ.

ಮಂಜುಗಡ್ಡೆಯೊಂದು ಬಂದು ದೋಣಿಗೆ ಮೆಲ್ಲಗೆ ತಾಗಿತು.

ಮೊದಲನೆಯ ಮನೆ ಸೆಲೀನಾ ರೈಡ್ಔಟ್‌ಳದು. ಊರಿಗೆಲ್ಲ ಸೆಲೀನತ್ತೆ. ಬಂದವರು ಪೊಲೀಸರಾದರೂ ಆಕೆ ಚಹಾ ಇಟ್ಟಳು, ಬ್ರೆಡ್ ಹೆಚ್ಚಿದಳು. ಬ್ರೆಡ್ ಹಾಲಿನಷ್ಟು ಬಿಳುಪಿತ್ತು.

"ನಮ್ಮೂರಲ್ಲಿ ಕಂದು ಹಿಟ್ಟು ಹೊಸಿಲು ದಾಟಲ್ಲ," ಎಂದಳು. "ಸರ್ಕಾರದೋರು ಒಂದು ಸಲ ಕಳಿಸಿದ್ರು. ಕೋಳಿಗೆ ಹಾಕಿದ್ವಿ. ಕೋಳಿಗಳೂ ಮನಸ್ಸಿಲ್ಲದೆ ತಿಂದವು."

"ಊರಲ್ಲಿ ಯಾರಿಗೂ ಕಾಲು ಬಾವು ಇಲ್ವಾ ಅತ್ತೆ?"

"ಮೊದಲಿತ್ತು. ಈಗಿಲ್ಲ. ದೇವರು ದೊಡ್ಡೋನು, ನಾವೂ ಶುಚಿಯಾಗಿದ್ದೀವಿ."

ಸ್ನೆಲ್‌ಗ್ರೋವ್‌ನ ಕಣ್ಣು ಒಲೆಯ ಮುಂದಿನ ಹಾಸಿನ ಮೇಲಿತ್ತು. ಗೋಣಿಯ ಮೇಲೆ ಬಣ್ಣಬಣ್ಣದ ಚಿಂದಿ ಸೇರಿಸಿ ಹೆಣೆದ ಹೊಸ ಹಾಸು, ನಡುವೆ ಹಡಗಿನ ಚಿತ್ರ. ಅವನು ಬಗ್ಗಿ ಅದರ ಮೂಲೆ ಎತ್ತಿದ.

"ಏನಪ್ಪಾ, ಹಾಸಿನ ಕೆಳಗೆ ಕಸ ಇದೆಯಾ ಅಂತ ನೋಡೋಕೆ ಆರು ಮೈಲಿ ಬಂದ್ಯಾ?"

"ಇದನ್ನ ಹೆಣೆದದ್ದು ಯಾರು?"

"ಕೆಜಾಯ. ಈ ಚಳಿಗಾಲ ಯಾಕೋ ಮನೆಮನೆಗೆ ಕೊಟ್ಲು. ಅವಳ ಗಂಟು ನನ್ನಷ್ಟು ಬಿಗಿ ಇರಲ್ಲ, ಇರಲಿ ಬಿಡು ಅಂತ ಹಾಕಿದೀನಿ."

ಹಾಸಿನ ಹಿಂಬದಿಯ ಗೋಣಿಯಲ್ಲಿ, ಹೆಣಿಗೆಯ ಎಳೆಗಳ ನಡುವೆ, ಅರ್ಧ ನೀಲಿ ಬಳೆ ಇತ್ತು.

ಮಧ್ಯಾಹ್ನ ಹನ್ನೆರಡರ ಒಳಗೆ ಒಂಬತ್ತು ಮನೆಗಳ ಹಾಸು ತಿರುಗಿಸಿದರು. ಒಂಬತ್ತರಲ್ಲೂ ನೀಲಿ. ಗೋಣಿಯನ್ನು ಒಲೆಗೆ ಹಾಕಿದ್ದರೆ, ಸಮುದ್ರಕ್ಕೆ ಎಸೆದಿದ್ದರೆ ಈ ಪ್ರಕರಣದಲ್ಲಿ ಸಾಕ್ಷ್ಯವೇ ಇರುತ್ತಿರಲಿಲ್ಲ. ಆದರೆ ಈ ತೀರದಲ್ಲಿ ಹುಟ್ಟಿದ ಹೆಂಗಸಿಗೆ ಒಂದು ಒಳ್ಳೆಯ ಗೋಣಿಯನ್ನು ಎಸೆಯುವುದು ಆಗದ ಕೆಲಸ.

ಕೆಜಾಯ ಟಿಜರ್ಡ್‌ಳ ಮನೆ ಕೊನೆಯದು. ಬಾಗಿಲಲ್ಲಿ ಒಂದು ಆಡು ನಿಂತಿತ್ತು. ಅಷ್ಟು ಕೊಬ್ಬಿದ, ಅಷ್ಟು ಮಿರುಗುವ ಆಡನ್ನು ಇಬ್ಬರೂ ನೋಡಿರಲಿಲ್ಲ. ಅದು ದಾರಿ ಬಿಡಲಿಲ್ಲ, ಸುತ್ತಿಕೊಂಡು ಹೋಗಬೇಕಾಯಿತು. ಒಳಗೆ ಅರವತ್ತೆರಡು ವರ್ಷದ ಸಣ್ಣ ಮೈಕಟ್ಟಿನ ಹೆಂಗಸು ಹಾಸಿನ ಚೌಕಟ್ಟಿನ ಮುಂದೆ ಕೂತಿದ್ದಳು. ಒಲೆಯ ಪಕ್ಕ ಹಳೆಯ ಕೋಟು ಹೊದೆಸಿದ ಎರಡು ದೊಡ್ಡ ಮಣ್ಣಿನ ಜಾಡಿಗಳಿದ್ದವು.

"ಕೆಜಾಯತ್ತೆ, ನಾನು ಪೋರ್ಟ್ ಕಲ್ವರ್ ಠಾಣೆಯ ಸ್ನೆಲ್‌ಗ್ರೋವ್. ಗೋದಾಮಿನ ಬೂಸಾ ವಿಷಯ ಕೇಳೋಕೆ ಬಂದಿದೀವಿ."

"ಯಾವ ಬೂಸಾ, ಮಗಾ?"

"ಎಲೈ ಪೆಲ್ಲಿ ಲಾಕಪ್ಪಿನಲ್ಲಿದಾನೆ. ಸೋಮವಾರ ಅವನ ವಿಚಾರಣೆ."

ಆಕೆಯ ಕೈಯಲ್ಲಿದ್ದ ಕೊಕ್ಕೆ ನಿಂತಿತು.

"ಎಲೈನ? ಅವನೇನು ಮಾಡಿದ? ಅವನ ಹೆಂಡತಿಗೆ ದಿನ ತುಂಬಿದೆಯಲ್ಲ." ಆಕೆ ಎದ್ದು ಗೂಟದಲ್ಲಿದ್ದ ಕೋಟು ತೆಗೆದು ತೋಳು ತೂರಿಸತೊಡಗಿದಳು. "ನಡೀರಿ. ನಾನು ತಗೊಂಡದ್ದು. ಹದ್ನಾಕೂ ನಾನೇ. ಅವನು ಪಾಪ, ಅತ್ತೆ ಚಳಿಯಲ್ಲಿ ಬಂದಿದ್ದೀಯ ಅಂತ ನನಗೆ ಚಹಾ ಮಾಡೋಕೆ ಒಳಗೆ ಹೋಗ್ತಿದ್ದ. ಆ ಹೊತ್ತಲ್ಲಿ ತಗೊಂಡೆ."

"ಕೂತ್ಕೊಳ್ಳಿ ಅತ್ತೆ. ಹೇಳಿಕೆ ಬರ್ಕೋಬೇಕು."

ವೋಕಿ ಪುಸ್ತಕ ತೆರೆದ. ಸಮಯ ಹನ್ನೆರಡೂ ಇಪ್ಪತ್ತು.

"ಯಾವಾಗಿಂದ?"

"ಜನವರಿ ಎರಡನೇ ಶುಕ್ರವಾರದಿಂದ. ವಾರಕ್ಕೊಂದು."

"ಹೇಗೆ?"

"ಹರಿದ ಗೋಣಿಗೆ ಮರದ ಪುಡಿ ತುಂಬಿ ಹಿಂದುಗಡೆ ಇಡೋದು. ಬೂಸಾ ಚೀಲನ ಜಾರುಬಂಡಿಯಲ್ಲಿಟ್ಟು ಮೇಲೆ ಚಿಂದಿ ಗೋಣಿ ಮುಚ್ಚೋದು."

"ಎಳೆದದ್ದು ಯಾರು?"

"ಇನ್ಯಾರು? ಆ ಆಡು ಎಳೆಯುತ್ತಾ?"

ನೂರು ಪೌಂಡು, ಆರು ಮೈಲಿ ಮಂಜಿನ ಮೇಲೆ. ಹದಿನಾಲ್ಕು ಸಲ. ವೋಕಿ ಕ್ಯಾಲೆಂಡರಿನ ದಿನಾಂಕಗಳನ್ನು ಲೆಕ್ಕ ಹಾಕಿ ತಲೆ ಎತ್ತಿದ.

"ಗುಡ್ ಫ್ರೈಡೇ ದಿನವೂ ಹೋಗಿದ್ರಾ?"

"ಹೋಗಿದ್ದೆ. ದೇವರ ಹತ್ರ ಮಾತಾಡ್ಕೊಂಡೇ ಹೋದೆ."

"ಯಾತಕ್ಕೆ ಅತ್ತೆ?" ಎಂದ ಸ್ನೆಲ್‌ಗ್ರೋವ್. "ಆಡಿಗೆ ಅಂತ ಹೇಳ್ಬೇಡಿ."

ಆಕೆ ಬಾಗಿಲು ಮುಚ್ಚಿ ಬಂದು, ಜಾಡಿಯ ಮೇಲಿನ ಕೋಟು ಸರಿಸಿದಳು. ಒಳಗೆ ಬೂಸಾ ಬೆಚ್ಚಗಿನ ನೀರಿನಲ್ಲಿ ನೆನೆಯುತ್ತಿತ್ತು. ಮೇಲೆ ತೆಳುವಾದ ಹೊಂಬಣ್ಣದ ನೀರು.

ಆ ಊರಿನಲ್ಲಿ ಬ್ರೆಡ್ ಹಿಟ್ಟು ಉಬ್ಬಲು ಬೇಕಾದ ಹೆಪ್ಪನ್ನು ಶನಿವಾರ ಎಲ್ಲ ಮನೆಯವರೂ ಕೆಜಾಯತ್ತೆಯ ಹತ್ತಿರದಿಂದ ಒಯ್ಯುತ್ತಿದ್ದರು. ಆಕೆ ಲೋಟದಲ್ಲಿ ಕೊಡುತ್ತಿರಲಿಲ್ಲ, ಹೂಜಿ ತುಂಬ ಕೊಡುತ್ತಿದ್ದಳು. ಬೇರೆ ನೀರು ಸೇರಿಸಬೇಡಿ, ಹೆಪ್ಪಿನಲ್ಲೇ ಹಿಟ್ಟು ಕಲಸಿ, ಇಲ್ಲದಿದ್ದರೆ ಉಬ್ಬುವುದಿಲ್ಲ ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು. ಹೆಪ್ಪಿನ ನೀರು ಎಂದರೆ ಸೋಸಿದ ಬೂಸಾದ ನೀರು. ಬ್ರೆಡ್ ಬಿಳುಪಾಗಿಯೇ ಇರುತ್ತಿತ್ತು. ಸೋಸಿ ಉಳಿದದ್ದು ಆಡಿಗೆ.

"ಮೊದಲನೇ ವರ್ಷ ಎರಡು ಚೀಲ," ಎಂದ ಸ್ನೆಲ್‌ಗ್ರೋವ್ ಮೆಲ್ಲಗೆ. "ಆಗ ಎಷ್ಟು ಮನೆಗೆ?"

"ಮೂರು. ಅವರ ಕಾಲು ನೋಡ್ತಾ ಕೂತೆ, ವಸಂತ ಬರೋವರೆಗೂ. ಬಾವು ಬರ್ಲಿಲ್ಲ. ಮುಂದಿನ ವರ್ಷ ಇನ್ನೆರಡು ಮನೆ ಸೇರಿಸಿದೆ."

ಅವನ ಕಣ್ಣ ಮುಂದೆ ವಿನಿಫ್ರೆಡ್ ಹೈನ್ಸ್‌ಳ ಅಂಕಣ ನಿಂತಿತ್ತು. ಎರಡು, ಮೂರು, ಐದು, ಎಂಟು. ಅದು ಈ ಹೆಂಗಸು ಒಂದೊಂದೇ ಮನೆಯ ಬಾಗಿಲು ದಾಟಿ ಹೋದ ಹೆಜ್ಜೆಗಳು. ದೇಶದ ಲೆಕ್ಕದಲ್ಲಿ ಹತ್ತು ವರ್ಷ ಅಚ್ಚಾಗಿ ಕೂತಿದ್ದರೂ ಯಾರೂ ಓದಿರಲಿಲ್ಲ.

"ಊರಿನವರಿಗೆ ಯಾಕೆ ಹೇಳ್ಲಿಲ್ಲ?"

"ಕುದುರೆ ಮೇವಿನ ನೀರು ಅಂತ ಗೊತ್ತಾದ್ರೆ ಸೆಲೀನ ಕುಡೀತಾಳಾ? ಸಾಯ್ತಾಳೆ ಹೊರತು ಕುಡಿಯಲ್ಲ. ಅವಳು ಬಿಟ್ರೆ ಊರು ಬಿಡುತ್ತೆ."

"ಫ್ರೌಡ್‌ಗಾದ್ರೂ ಹೇಳಬಹುದಿತ್ತು."

"ಅಲ್ಲಿ ಎಂಟು ಜನ ನಗ್ತಿದ್ರು, ಮಗಾ. ಅದರಲ್ಲಿ ಇಬ್ಬರು ನಮ್ಮೂರೋರು."

ವೋಕಿ ಬರೆಯುವುದನ್ನು ನಿಲ್ಲಿಸಿದ್ದ.

"ಅತ್ತೆ, ಈಗಾಗ್ಲೇ ಮಲಗಿರೋರಿಗೆ ಕೊಟ್ರೆ ಆಗುತ್ತಾ? ನಮ್ಮವ್ವ ಆರು ವಾರದಿಂದ ಎದ್ದಿಲ್ಲ."

"ಉಸಿರು ಕಟ್ಟುತ್ತಾ ಅವಳಿಗೆ?"

"ಇನ್ನೂ ಇಲ್ಲ."

"ಹಾಗಿದ್ರೆ ಎದ್ದೇಳ್ತಾಳೆ. ದಿನಕ್ಕೆ ಎರಡು ಲೋಟ. ಕಾಕಂಬಿ ಬೆರೆಸು, ಏನು ಅಂತ ಹೇಳ್ಬೇಡ."

"ನಿಮಗೆ ಇದು ಹೇಗೆ ತಿಳೀತು?" ಎಂದು ಸ್ನೆಲ್‌ಗ್ರೋವ್ ಕೇಳಿದ. "ಡಾಕ್ಟರು ಹೇಳಿದ್ದಾ?"

ಆಕೆ ಹೇಳಿದ್ದನ್ನು ವೋಕಿ ಹೀಗೆ ದಾಖಲಿಸಿದ. ೧೯೨೧ರ ಚಳಿಗಾಲದಲ್ಲಿ ಮನೆಯಲ್ಲಿ ಮೂವರಿದ್ದರು. ಗಂಡ ನೇಥನ್, ಹನ್ನೊಂದು ವರ್ಷದ ಮಗಳು ಡಾರ್ಕಸ್, ಮತ್ತು ಆಕೆ. ಮಾರ್ಚ್ ಹೊತ್ತಿಗೆ ಮೈದಾ ಕಡಿಮೆಯಾಯಿತು. ಆಕೆ ತನ್ನ ಪಾಲಿನ ಬಿಳಿ ಬ್ರೆಡ್ಡನ್ನು ಅವರಿಬ್ಬರಿಗೆ ಕೊಟ್ಟು, ಆಡಿಗೆಂದು ಬೇರೆ ಊರಿನ ನೆಂಟರಿಂದ ತಂದಿಟ್ಟಿದ್ದ ಅರ್ಧ ಚೀಲ ಬೂಸಾವನ್ನು ಕದ್ದುಮುಚ್ಚಿ ಬೇಯಿಸಿ ತಿಂದಳು. ಏಪ್ರಿಲ್‌ನಲ್ಲಿ ಮಗಳು ತೀರಿಕೊಂಡಳು, ಮೇನಲ್ಲಿ ಗಂಡ. ಇಬ್ಬರಿಗೂ ಕಾಲಿನಿಂದ ಶುರುವಾಗಿ ಎದೆಗೆ ಬಂತು. ಬ್ರೆಡ್ ತಿನ್ನದ ಆಕೆಯ ಕಾಲಿಗೆ ಏನೂ ಆಗಲಿಲ್ಲ.

"ಒಳ್ಳೇದು ಅಂತ ಅವರಿಗೆ ಕೊಟ್ಟೆ," ಎಂದಳು. "ಅದನ್ನೂ ಬರ್ಕೋ."

ಎರಡೂವರೆಗೆ ಜಪ್ತಿ ಪಂಚನಾಮೆ. ಅಟ್ಟದ ಮೇಲೆ ಸಿಕ್ಕಿದ್ದು ಒಂದೂಕಾಲು ಚೀಲ ಒಣ ಬೂಸಾ, ಚೌಕಟ್ಟಿನಲ್ಲಿದ್ದ ಅರ್ಧ ಹೆಣೆದ ಹಾಸು, ಒಂದು ಜಾರುಬಂಡಿ. ಜಾಡಿಗಳ ಬಳಿ ಬಂದಾಗ ವೋಕಿ ಪೆನ್ಸಿಲ್ ಎತ್ತಿ ಕಾದ.

"ಬರಿ," ಎಂದ ಸ್ನೆಲ್‌ಗ್ರೋವ್. "ನೆನೆದ ಬೂಸಾ, ಎರಡು ಜಾಡಿ. ಸಾಗಿಸಿದರೆ ಕೆಡುವ ವಸ್ತುವಾದ್ದರಿಂದ ಸ್ಥಳದಲ್ಲೇ ಬಿಡಲಾಗಿದೆ."

ಮೂರು ಹತ್ತಕ್ಕೆ ಕೆಜಾಯ ಟಿಜರ್ಡ್‌ಳನ್ನು ಬಂಧಿಸಲಾಯಿತು. ದೋಣಿಕಟ್ಟೆಯಲ್ಲಿ ಊರು ಸೇರಿತ್ತು. ಬಂಧನದ ಕಾರಣವನ್ನು ಎಲ್ಲರೆದುರು ಓದುವುದು ನಿಯಮ. ವೋಕಿ ಓದಿದ. ಬೂಸಾ ಎಂಬ ಮಾತು ಬಂದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹೆಪ್ಪು ಎಂಬ ಮಾತು ಬಂದಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಸೆಲೀನಾ ರೈಡ್ಔಟ್ ಮುಂದೆ ಬಂದಳು.

"ಹನ್ನೊಂದು ವರ್ಷ ನನಗೆ ಕುದುರೆ ಮೇವು ತಿನ್ನಿಸಿದ್ಯಾ?"

"ನಿನಗೆ ಹತ್ತು," ಎಂದಳು ಕೆಜಾಯ. "ನೀನು ಎರಡನೇ ವರ್ಷದೋಳು."

ಸೆಲೀನಾ ಕೆಳಗೆ ನೋಡಿದಳು. ತನ್ನ ಎರಡು ಪಾದಗಳನ್ನು, ಅವು ಯಾರದೋ ಎಂಬಂತೆ, ಬಹಳ ಹೊತ್ತು ನೋಡಿದಳು. ಪಕ್ಕದಲ್ಲಿ ಮೊಮ್ಮಗಳು ಒಂಟಿ ಕಾಲಲ್ಲಿ ಕುಂಟುತ್ತಾ ತನ್ನಷ್ಟಕ್ಕೆ ಆಡುತ್ತಿದ್ದಳು.

"ನಾಳೆ ಶನಿವಾರ," ಎಂದಳು ಸೆಲೀನಾ ಕೊನೆಗೆ. "ಯಾವಾಗ ಸೋಸ್ಬೇಕು?"

"ಬೆಳಿಗ್ಗೆ. ಬಟ್ಟೆ ಎರಡು ಮಡಿಕೆ ಇರಲಿ. ಹಿಂಡಿ ತೆಗಿ, ಸುಮ್ನೆ ಬಸಿದ್ರೆ ಸಾಲದು. ಹಡಗಿನ ಬೂಸಾ ಬಂದ ಮೇಲೆ ಮುಂದಿನದನ್ನ ಗುರುವಾರವೇ ನೆನೆಹಾಕು. ನೀರು ಮಗೂಗೆ ಸ್ನಾನ ಮಾಡಿಸುವಷ್ಟು ಬಿಸಿ, ಜಾಸ್ತಿ ಬೇಡ."

"ನನಗೆ ಹೇಳ್ಕೊಡ್ತೀಯ, ನೀರು ಬಿಸಿ ಮಾಡೋದನ್ನ," ಎಂದು ಸೆಲೀನಾ ತನ್ನ ಶಾಲು ಬಿಚ್ಚಿ, ದೋಣಿಯಲ್ಲಿ ಕೂತವಳ ಹೆಗಲಿಗೆ ಹೊದೆಸಿದಳು.

ಸಂಜೆ ಆರಕ್ಕೆ ಎಲೈ ಪೆಲ್ಲಿಯನ್ನು ಬಿಡುಗಡೆ ಮಾಡಲಾಯಿತು. ಏಳೂಕಾಲಿಗೆ ಸ್ನೆಲ್‌ಗ್ರೋವ್ ಮ್ಯಾಜಿಸ್ಟ್ರೇಟರಿಗೆ ಕಳಿಸುವ ವರದಿ ಬರೆಯಲು ಕೂತ. ವಿನಿಫ್ರೆಡ್ ಹೈನ್ಸ್ ಒಂದು ಅಂಕಣವನ್ನು ನಕಲು ಮಾಡಿ ಕೊಟ್ಟಿದ್ದಳು, ಅದನ್ನು ಲಗತ್ತಿಸಿದ. ಕೃತ್ಯದ ಉದ್ದೇಶ ಎಂಬ ಕಡೆ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಬರೆದ:

"ಹ್ಯಾಗ್ಡನ್ ಕೋವ್‌ನ ನೂರ ಮೂವತ್ತೊಂದು ಜನ ತಮ್ಮ ಕಾಲ ಮೇಲೆ ನಡೆಯಬೇಕೆಂಬುದು. ತನಿಖಾಧಿಕಾರಿ ಸ್ಥಳಕ್ಕೆ ಹೋಗಿ ಪರಿಶೀಲಿಸಿದ್ದಾರೆ. ಎಲ್ಲರೂ ನಡೆಯುತ್ತಿದ್ದಾರೆ."